ಹಾವು-ಏಣಿ ಪಟದ ಮೇಲೆ ತಂಡದ ರೆಟ್ರೊ: ಸಿದ್ಧತೆಯಿಂದ ತೀರ್ಮಾನದವರೆಗೆ

ಆಟದ ರೂಪದಲ್ಲಿ ರೆಟ್ರೊ (ಮುಗಿದ ಕೆಲಸವನ್ನು ತಂಡ ಒಟ್ಟಿಗೆ ಕುಳಿತು ಹಿಂತಿರುಗಿ ನೋಡುವ ಸಭೆ) ನಡೆಸಲು ಹೊರಟ ತಂಡಗಳು ಸಾಮಾನ್ಯವಾಗಿ ಎರಡು ಕಡೆ ಎಡವುತ್ತವೆ. ಆಟವೇನೋ ಚೆನ್ನಾಗಿ ನಡೆದು, ಎಲ್ಲರೂ ನಕ್ಕು, ಒಂದೂ ತೀರ್ಮಾನವಿಲ್ಲದೆ ಎದ್ದು ಹೋಗುವುದು ಒಂದು. ಗೋಡೆಯ ತುಂಬ ಚೀಟಿ ಅಂಟಿಸುವಷ್ಟರಲ್ಲಿ ಸಮಯ ಮುಗಿದು, ಯಾರೋ ಒಬ್ಬರು ಅದರ ಫೋಟೊ ತೆಗೆದು ಗುಂಪಿಗೆ ಕಳುಹಿಸುವಲ್ಲಿಗೆ ಎಲ್ಲವೂ ನಿಂತುಬಿಡುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ. ‘ಏನು ಚೆನ್ನಾಗಿತ್ತು, ಏನು ಕೆಟ್ಟಿತು’ ಎಂಬ ಹಳೆಯ ಪ್ರಶ್ನೆಗಳ ಮೇಲೆ ಬಣ್ಣದ ಚಿತ್ರವೊಂದನ್ನು ಅಂಟಿಸಿರುತ್ತಾರೆಯೇ ಹೊರತು, ಆಟದ ನಿಯಮಕ್ಕೂ ತಂಡದ ಕೆಲಸಕ್ಕೂ ಸಂಬಂಧ ಕಲ್ಪಿಸಿರುವುದಿಲ್ಲ.

ಹಾವು-ಏಣಿ ಪಟದಲ್ಲಿ ಆ ಸಂಬಂಧ ತಾನಾಗಿಯೇ ಕೂಡಿಬರುತ್ತದೆ. ಪಟದಲ್ಲಿ 10 ಸಾಲುಗಳಿವೆ. ಎರಡು ವಾರದ ಸ್ಪ್ರಿಂಟ್‌ನಲ್ಲಿ, ಅಂದರೆ ತಂಡ ಒಂದಿಷ್ಟು ಕೆಲಸ ಮುಗಿಸಲು ಇಟ್ಟುಕೊಳ್ಳುವ ನಿಗದಿತ ಅವಧಿಯಲ್ಲಿ, 10 ಕೆಲಸದ ದಿನಗಳಿವೆ. ಪ್ರತಿ ಸಾಲನ್ನೂ ಒಂದು ದಿನವೆಂದು ಇಟ್ಟುಕೊಂಡರೆ, ಹಾವಿನ ತಲೆ ತೊಂದರೆ ಕಣ್ಣಿಗೆ ಬಿದ್ದ ದಿನವನ್ನೂ, ಬಾಲ ಆ ತೊಂದರೆ ಹುಟ್ಟಿದ ದಿನವನ್ನೂ ತೋರಿಸುತ್ತದೆ. ತಂಡಗಳು ತಲೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುತ್ತವೆ, ಬಾಲದ ಬಗ್ಗೆ ಮಾತನಾಡುವುದು ಅಪರೂಪ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಗಮನವನ್ನು ತಲೆಯಿಂದ ಬಾಲಕ್ಕೆ ತರುವುದಕ್ಕಾಗಿಯೇ ಇವೆ.

ಈ ಆಟವನ್ನು ಯಾವಾಗ ಆಡಬಾರದು

ಇದನ್ನು ಮೊದಲೇ ನೋಡಿಕೊಳ್ಳಿ. ಕೆಲಸದಿಂದ ತೆಗೆಯುವ ಸುದ್ದಿ ಹರಿದಾಡುತ್ತಿರುವಾಗ, ವಾರ್ಷಿಕ ಅಪ್ರೈಸಲ್ ನಡೆಯುತ್ತಿರುವ ವಾರದಲ್ಲಿ, ಇಬ್ಬರು ಸಹೋದ್ಯೋಗಿಗಳ ನಡುವೆ ಬಹಿರಂಗ ಜಗಳವಾಗಿರುವಾಗ ದಾಳ, ಕಾಯಿ, ಬಣ್ಣದ ದಾರಗಳನ್ನು ಮೇಜಿನ ಮೇಲಿಟ್ಟರೆ ಅದು ಅವಮಾನದಂತೆ ಕಾಣುತ್ತದೆ. ಗ್ರಾಹಕರ ಹಣ ಅಥವಾ ಮಾಹಿತಿ ಕಳೆದುಹೋದಂಥ ಗಂಭೀರ ಅವಘಡದ ವಿಮರ್ಶೆಗೂ ಇದು ತಕ್ಕುದಲ್ಲ. ಅಂಥ ದಿನಗಳಲ್ಲಿ ಸರಳವಾದ, ಬಾಗಿಲು ಮುಚ್ಚಿಕೊಂಡು ನಡೆಸುವ ಮಾತುಕತೆಯೇ ಮೇಲು.

ಬೇಕಾಗುವ ಸಾಮಗ್ರಿ ಮತ್ತು ಸಮಯ

ದೊಡ್ಡ ವೈಟ್‌ಬೋರ್ಡ್ ಅಥವಾ ನಾಲ್ಕು ಚಾರ್ಟ್ ಹಾಳೆಗಳನ್ನು ಜೋಡಿಸಿದ ಗೋಡೆ, ಎರಡು ಬಣ್ಣದ ಸ್ಟಿಕಿ ನೋಟ್, ಎಲ್ಲರಿಗೂ ಒಂದೊಂದು ದಪ್ಪ ಮೊನೆಯ ಪೆನ್ನು, ಒಂದು ದಾಳ, ಉಲ್ಲನ್ ದಾರದ ಉಂಡೆ, ಕತ್ತರಿ, ಅಂಟುಪಟ್ಟಿ ಮತ್ತು ಎಲ್ಲರಿಗೂ ಕಾಣುವಂಥ ಟೈಮರ್ ಇರಲಿ. ಹಾವುಗಳನ್ನು ಮಾರ್ಕರ್‌ನಲ್ಲಿ ಬರೆಯದೆ ದಾರದಲ್ಲಿ ಮಾಡಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಚರ್ಚೆ ಮುಂದುವರಿದಂತೆ ಬಾಲ ಕೆಳಗಿನ ಸಾಲುಗಳಿಗೆ ಸರಿಯುತ್ತದೆ. ಮಾರ್ಕರ್‌ನಲ್ಲಿ ಬರೆದ ಹಾವನ್ನು ಅಳಿಸಿ ಮತ್ತೆ ಬರೆಯುವ ಉತ್ಸಾಹ ಯಾರಿಗೂ ಇರುವುದಿಲ್ಲ, ಹೀಗಾಗಿ ತಪ್ಪಾದ ಬಾಲ ತಪ್ಪಾಗಿಯೇ ಉಳಿಯುತ್ತದೆ.

ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಸ್ಕ್ರಮ್ ವಿಧಾನದ ಕೈಪಿಡಿಯಾದ ಸ್ಕ್ರಮ್ ಗೈಡ್‌ನ ಪ್ರಕಾರ ಒಂದು ತಿಂಗಳ ಸ್ಪ್ರಿಂಟ್‌ಗೆ ರೆಟ್ರೊ ಗರಿಷ್ಠ 3 ಗಂಟೆಯದಾಗಿರಬೇಕು. ಸ್ಪ್ರಿಂಟ್ ಚಿಕ್ಕದಾದರೆ ಅವಧಿಯೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಎರಡು ವಾರದ ಸ್ಪ್ರಿಂಟ್‌ಗೆ, 6ರಿಂದ 8 ಜನರ ತಂಡಕ್ಕೆ, ಈ ಆಟಕ್ಕೆ 90 ನಿಮಿಷ ಸಾಕು. 60 ನಿಮಿಷವಷ್ಟೇ ಸಿಗುವುದಾದರೆ ಹಂತ 4 ಮತ್ತು 5ರ ಏಣಿಗಳನ್ನು ಕೈಬಿಟ್ಟು ಹಾವುಗಳನ್ನು ಮಾತ್ರ ಆಡಿ. ಎಲ್ಲ ಹಂತಗಳನ್ನೂ ತುರುಕಲು ಹೋದರೆ ಕೊನೆಯ ಹಂತವಾದ ತೀರ್ಮಾನಕ್ಕೇ ಸಮಯವಿಲ್ಲದಂತಾಗುತ್ತದೆ.

ಹಂತ 1: ಹಿಂದಿನ ದಿನವೇ ದಾಖಲೆ ಕಲೆಹಾಕಿ

ನೆನಪು ಕೊನೆಯ ಮೂರು ದಿನಗಳದ್ದೇ ಆಗಿರುತ್ತದೆ. ಸ್ಪ್ರಿಂಟ್‌ನ ಮೊದಲ ವಾರದಲ್ಲಿ ಏನಾಯಿತೆಂದು ಯಾರನ್ನು ಕೇಳಿದರೂ ತಡವರಿಸುತ್ತಾರೆ. ಆದ್ದರಿಂದ ರೆಟ್ರೊ ನಡೆಸುವವರು ಹಿಂದಿನ ದಿನ ಅರ್ಧ ಗಂಟೆ ಕುಳಿತು ಜಿರಾ ಅಥವಾ ಕೆಲಸಗಳ ಲೆಕ್ಕವಿಡಲು ನೀವು ಬಳಸುವ ಬೇರಾವುದೇ ಬೋರ್ಡ್‌ನಿಂದ ಕೆಲವು ದಿನಾಂಕಗಳನ್ನು ತೆಗೆದಿಟ್ಟುಕೊಳ್ಳಬೇಕು. ಪ್ರತಿ ಟಿಕೆಟ್ (ಬೋರ್ಡ್‌ನಲ್ಲಿ ದಾಖಲಾದ ಒಂದು ಕೆಲಸ) ಯಾವ ದಿನ ಆರಂಭವಾಯಿತು, ಯಾವ ದಿನ ರಿವ್ಯೂಗೆ (ಇನ್ನೊಬ್ಬರ ಪರಿಶೀಲನೆಗೆ) ಹೋಯಿತು, ಯಾವ ದಿನ ಹಿಂದಕ್ಕೆ ಬಂತು, ಬಿಲ್ಡ್ (ಎಲ್ಲರ ಕೋಡ್ ಕೂಡಿಸಿ ತಂತ್ರಾಂಶ ಸಿದ್ಧಪಡಿಸುವುದು) ಯಾವಾಗ ಮುರಿಯಿತು, ಯಾರು ಯಾವ ದಿನ ರಜೆಯಲ್ಲಿದ್ದರು, ಸ್ಪ್ರಿಂಟ್‌ನ ನಡುವೆ ಸೇರಿದ ಹೊಸ ಕೆಲಸ ಯಾವುದು ಎಂಬಷ್ಟಿದ್ದರೆ ಸಾಕು.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಈ ಮಾಹಿತಿಯನ್ನು ವ್ಯಕ್ತಿವಾರು ಪಟ್ಟಿ ಮಾಡುವುದು. ದಿನವಾರು ಬರೆಯಿರಿ. ಯಾರ ಹೆಸರಿನ ಮುಂದೆ ಎಷ್ಟು ಟಿಕೆಟ್ ಎಂಬ ಪಟ್ಟಿ ಕೋಣೆಯೊಳಗೆ ಬಂದ ಕ್ಷಣದಿಂದ ಅದು ರೆಟ್ರೊ ಆಗಿ ಉಳಿಯುವುದಿಲ್ಲ.

ಹಂತ 2: ಪಟ ಬರೆಯಿರಿ

ಆಟದ ಪಟದಂತೆ 100 ಮನೆಗಳನ್ನು ಬರೆಯುವ ಅಗತ್ಯವಿಲ್ಲ. ಅಗಲವಾದ 10 ಅಡ್ಡ ಸಾಲುಗಳು ಸಾಕು. ಮೊದಲ ದಿನ ಎಲ್ಲಕ್ಕಿಂತ ಕೆಳಗೆ, ಹತ್ತನೆಯ ದಿನ ಎಲ್ಲಕ್ಕಿಂತ ಮೇಲೆ ಬರಬೇಕು. ಎಡ ಅಂಚಿನಲ್ಲಿ ದಿನಾಂಕವನ್ನೂ ವಾರದ ಹೆಸರನ್ನೂ ಬರೆದು, ಹಂತ 1ರಲ್ಲಿ ಕಲೆಹಾಕಿದ ಘಟನೆಗಳನ್ನು ಆಯಾ ಸಾಲಿನಲ್ಲಿ ಒಂದೆರಡು ಪದಗಳಲ್ಲಿ ಗುರುತಿಸಿ. ಮೂರು ವಾರದ ಸ್ಪ್ರಿಂಟ್ ಆದರೆ 15 ಸಾಲು ಬರೆಯಿರಿ. ತಿಂಗಳಿನದಾದರೆ ಎರಡು ದಿನಕ್ಕೆ ಒಂದು ಸಾಲಿನಂತೆ ಹಾಕಿ.

ಎರಡು ಸಣ್ಣ ಸಂಗತಿಗಳನ್ನು ಮರೆಯಬೇಡಿ. ನಡುವೆ ಹಬ್ಬದ ರಜೆ ಬಂದಿದ್ದರೆ ಆ ಸಾಲನ್ನು ತೆಗೆದುಹಾಕದೆ ಅದಕ್ಕೆ ಓರೆಗೆರೆ ಎಳೆದು ಹಾಗೇ ಬಿಡಿ, ಏಕೆಂದರೆ ಉತ್ತರ ಸಿಗದ ಪ್ರಶ್ನೆಗಳು ಹೆಚ್ಚಾಗಿ ರಜೆಯ ಆಚೀಚೆಯೇ ಸಿಕ್ಕಿಹಾಕಿಕೊಂಡಿರುತ್ತವೆ. ಹಾಗೆಯೇ, ಮೊದಲ ಸಾಲಿನ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಕೆಲವು ಹಾವುಗಳ ಬಾಲ ಈ ಸ್ಪ್ರಿಂಟ್‌ನೊಳಗೆ ಇರುವುದೇ ಇಲ್ಲ; ಆರು ತಿಂಗಳ ಹಿಂದೆ ಅವಸರದಲ್ಲಿ ಬರೆದ ಕೋಡ್‌ನಲ್ಲೋ ಇನ್ನೊಂದು ತಂಡದೊಂದಿಗಿನ ಹಳೆಯ ಒಪ್ಪಂದದಲ್ಲೋ ಇರುತ್ತದೆ. ಆ ಜಾಗವಿಲ್ಲದಿದ್ದರೆ ತಂಡ ಅಂಥ ಹಾವಿಗೂ ಪಟದೊಳಗೇ ಎಲ್ಲೋ ಒಂದು ಬಾಲ ಅಂಟಿಸಿ, ಇಲ್ಲದ ಕಾರಣವೊಂದನ್ನು ಹುಟ್ಟಿಸುತ್ತದೆ.

ಹಂತ 3: ನಿಯಮ ಹೇಳಿ, ಕೋಣೆಯ ನಾಡಿ ನೋಡಿ (10 ನಿಮಿಷ)

ನಿಯಮಗಳು ಮೂರೇ. ದಾಳ ಯಾರು ಮಾತನಾಡಬೇಕೆಂಬುದನ್ನು ತೀರ್ಮಾನಿಸುತ್ತದೆ, ಏನು ಹೇಳಬೇಕೆಂಬುದನ್ನಲ್ಲ. ಹಾವಿಗೆ ಘಟನೆಯ ಹೆಸರಿಡಬೇಕು, ವ್ಯಕ್ತಿಯ ಹೆಸರನ್ನಲ್ಲ. ಈ ಆಟದಲ್ಲಿ ಗೆಲ್ಲುವವರಿಲ್ಲ, ಅಂಕವೂ ಇಲ್ಲ.

ಎರಡನೆಯ ನಿಯಮವನ್ನು ತುಸು ಬಿಡಿಸಿ ಹೇಳಬೇಕಾಗುತ್ತದೆ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ಆಡುವ ಪರಮಪದ ಸೋಪಾನ ಪಟದಲ್ಲಿ ಹಾವುಗಳು ದುರ್ಗುಣಗಳನ್ನೂ ಏಣಿಗಳು ಸದ್ಗುಣಗಳನ್ನೂ ಸೂಚಿಸುತ್ತವೆ. ಅದು ಅಲ್ಲಿಗೆ ಸರಿ. ಕಚೇರಿಯ ಪಟದಲ್ಲಿ ‘ಬೇಜವಾಬ್ದಾರಿ’, ‘ಅಸಡ್ಡೆ’ ಎಂದು ಬರೆದ ಚೀಟಿ ಬಂದರೆ ಅದು ಯಾರಿಗೆಂದು ಎಲ್ಲರಿಗೂ ತಿಳಿಯುತ್ತದೆ, ಆದರೆ ಏನಾಯಿತೆಂದು ಯಾರಿಗೂ ತಿಳಿಯುವುದಿಲ್ಲ. ‘ಬುಧವಾರ ಕಳುಹಿಸಿದ ಪುಲ್ ರಿಕ್ವೆಸ್ಟ್ ಸೋಮವಾರದವರೆಗೆ ರಿವ್ಯೂ ಆಗಲಿಲ್ಲ’ ಎಂದು ಬರೆಯುವಂತೆ ಉದಾಹರಣೆ ಕೊಟ್ಟು ತೋರಿಸಿ (ಪುಲ್ ರಿಕ್ವೆಸ್ಟ್ ಎಂದರೆ ತಾನು ಬರೆದ ಕೋಡ್ ಅನ್ನು ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ).

ಆಮೇಲೆ ಎಲ್ಲರೂ ಒಂದು ತುಂಡು ಕಾಗದದಲ್ಲಿ 1ರಿಂದ 5ರೊಳಗೆ ಒಂದು ಅಂಕಿ ಬರೆದು ಮಡಚಿ ಕೊಡಲಿ. 5 ಎಂದರೆ ‘ಏನನ್ನಾದರೂ ಹೇಳಬಲ್ಲೆ’, 1 ಎಂದರೆ ‘ಸುಮ್ಮನಿರುವುದೇ ಕ್ಷೇಮ’. ಒಂದೇ ಒಂದು 1 ಅಥವಾ 2 ಬಂದರೂ, ಹಂತ 5ರಲ್ಲಿ ಹಾವು-ಏಣಿಯ ಚೀಟಿಗಳನ್ನು ಬರೆದವರೇ ಓದಿ ಹೇಳುವ ಕ್ರಮವನ್ನು ಬಿಟ್ಟು, ಎಲ್ಲ ಚೀಟಿಗಳನ್ನೂ ಕಲಸಿ ರೆಟ್ರೊ ನಡೆಸುವವರೇ ಓದಬೇಕು. ಆ ಅಂಕಿ ಯಾರದೆಂದು ಊಹಿಸಲು ಹೋಗಬೇಡಿ, ತಮಾಷೆಗೂ ಕೇಳಬೇಡಿ. ಅಪ್ರೈಸಲ್ ಬರೆಯುವ ಮ್ಯಾನೇಜರ್ ಕೋಣೆಯಲ್ಲಿದ್ದು ಅಂಕಿಗಳು ಕೆಳಗಿದ್ದರೆ, ‘ಸರ್, ಮೊದಲ ಒಂದು ಗಂಟೆ ನಾವು ಕೂತು ಮಾತಾಡಿ, ತೀರ್ಮಾನದ ಹೊತ್ತಿಗೆ ನಿಮ್ಮನ್ನು ಕರೆಯುತ್ತೇವೆ’ ಎಂದು ಹೇಳುವ ಧೈರ್ಯ ನಡೆಸುವವರಿಗೆ ಇರಬೇಕು. ಈ ಮಾತನ್ನು ಮ್ಯಾನೇಜರ್ ಜೊತೆ ಹಿಂದಿನ ದಿನವೇ ಆಡಿ ಒಪ್ಪಿಸಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಹಂತ 4: ಮೌನವಾಗಿ ಬರೆಯುವುದು (8 ನಿಮಿಷ)

ಪ್ರತಿಯೊಬ್ಬರೂ ಗರಿಷ್ಠ ಎರಡು ಹಾವು, ಒಂದು ಏಣಿ ಬರೆಯಲಿ. ಕನ್ನಡ, ಇಂಗ್ಲಿಷ್, ಹಿಂದಿ ಯಾವುದರಲ್ಲಾದರೂ ಬರೆಯಬಹುದು. ಮಿತಿ ಹಾಕದಿದ್ದರೆ ಐವತ್ತು ಚೀಟಿಗಳು ಬಂದು ಅವುಗಳನ್ನು ಗುಂಪು ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಹೆಚ್ಚು ಬರೆದವರಿಗೆ ಚಾಕಲೇಟ್ ಎಂಬಂಥ ಬಹುಮಾನಗಳನ್ನೂ ಇಡಬೇಡಿ, ಚಾಕಲೇಟಿಗಾಗಿ ಬರೆದ ಚೀಟಿಯಲ್ಲಿ ಹುರುಳಿರುವುದಿಲ್ಲ.

ಹಂತ 5: ದಾಳ ಉರುಳಿಸಿ, ಹಾವು-ಏಣಿಗಳನ್ನು ಪಟದ ಮೇಲಿಡಿ (25 ನಿಮಿಷ)

ತಂಡದಲ್ಲಿ ಆರು ಜನರಿದ್ದರೆ ಪ್ರತಿಯೊಬ್ಬರಿಗೂ ಒಂದು ಅಂಕಿ ಕೊಟ್ಟು ಒಂದೇ ದಾಳ ಉರುಳಿಸಿ. ಒಮ್ಮೆ ಮಾತನಾಡಿದವರ ಅಂಕಿಯೇ ಮತ್ತೆ ಬಿದ್ದರೆ ಇನ್ನೊಮ್ಮೆ ಉರುಳಿಸಬೇಕು. ಐವರೇ ಇದ್ದರೆ 6 ಬಿದ್ದಾಗಲೂ ಹಾಗೆಯೇ. ಆರಕ್ಕಿಂತ ಹೆಚ್ಚು ಜನರಿದ್ದಾಗ ಎರಡು ದಾಳ ಕೂಡಿಸುವ ಉಪಾಯವನ್ನು ಹಲವರು ಮಾಡುತ್ತಾರೆ, ಅದು ಕೆಲಸ ಕೆಡಿಸುತ್ತದೆ. ಎರಡು ದಾಳಗಳ ಮೊತ್ತ 7 ಬರಲು 36ರಲ್ಲಿ 6 ಬಗೆಗಳಿವೆ, 2 ಬರಲು ಒಂದೇ ಬಗೆ. ಹೀಗಾಗಿ 7ನೆಯವರ ಸರದಿ ಸಾಮಾನ್ಯವಾಗಿ ಬೇಗ ಬರುತ್ತದೆ, 2ನೆಯವರ ಅಂಕಿ ಬೀಳಲಿ ಎಂದು ಕೋಣೆಯೆಲ್ಲ ಕಾಯಬೇಕಾಗುತ್ತದೆ. ಅಂಥಲ್ಲಿ ಹೆಸರಿನ ಚೀಟಿಗಳನ್ನು ಡಬ್ಬಿಗೆ ಹಾಕಿ ಎತ್ತುವುದೇ ಸರಿ. ಸರದಿಯನ್ನು ಅದೃಷ್ಟಕ್ಕೆ ಬಿಡುವುದು ಸುಮ್ಮನೆ ಮೋಜಿಗಲ್ಲ. ಹಿರಿಯರು ಮೊದಲು ಮಾತನಾಡಿದರೆ ಆಮೇಲೆ ಬರುವವರೆಲ್ಲ ‘ಅವರು ಹೇಳಿದ್ದೇ’ ಎಂದು ಕುಳಿತುಬಿಡುತ್ತಾರೆ, ಅದನ್ನು ತಪ್ಪಿಸುವುದಕ್ಕೆ.

ಸರದಿ ಬಂದವರು ಎದ್ದು ಬಂದು, ಚೀಟಿ ಓದಿ, ತಲೆಯನ್ನು ತೊಂದರೆ ಕಂಡ ದಿನದ ಸಾಲಿನಲ್ಲಿ ಅಂಟಿಸಬೇಕು. ಅಲ್ಲಿಂದ ದಾರವನ್ನು ಕೆಳಕ್ಕೆ ತಂದು, ತೊಂದರೆ ಹುಟ್ಟಿರಬಹುದಾದ ದಿನದಲ್ಲಿ ಸದ್ಯಕ್ಕೆ ಬಾಲ ಅಂಟಿಸಬೇಕು. ಏಣಿಗೆ ಇದೇ ಕ್ರಮ ತಿರುವುಮುರುವು: ಒಳ್ಳೆಯ ಕೆಲಸ ಆರಂಭವಾದ ದಿನ ಏಣಿಯ ಬುಡ, ಅದರ ಫಲ ಸಿಕ್ಕ ದಿನ ತುದಿ. ಒಬ್ಬರಿಗೆ ಮೂರು ನಿಮಿಷ. ಈ ಹಂತದಲ್ಲಿ ಯಾರೂ ಎದುರು ಮಾತನಾಡಬಾರದು. ಅರ್ಥವಾಗದಿದ್ದರೆ ಕೇಳಬಹುದು, ವಾದಿಸುವಂತಿಲ್ಲ. ‘ಹಾಗಲ್ಲಪ್ಪ, ನಡೆದದ್ದು ಬೇರೆ’ ಎಂದು ಯಾರಾದರೂ ಆರಂಭಿಸಿದರೆ, ಅವರ ಮಾತನ್ನು ಒಂದು ಚೀಟಿಯಲ್ಲಿ ಬರೆಸಿ ಆ ಹಾವಿನ ಪಕ್ಕದಲ್ಲೇ ಅಂಟಿಸಿ ಮುಂದೆ ಹೋಗಿ.

ಎಲ್ಲ ಹಾವುಗಳೂ ಪಟದ ಮೇಲೆ ಬಂದ ನಂತರ ಎರಡು ಹೆಜ್ಜೆ ಹಿಂದೆ ಸರಿದು, ಒಂದು ನಿಮಿಷ ಎಲ್ಲರೂ ಸುಮ್ಮನೆ ನೋಡಿ. ಬಾಲಗಳೆಲ್ಲ 1, 2, 3ನೆಯ ಸಾಲುಗಳಲ್ಲಿ ಒಟ್ಟಾಗಿದ್ದರೆ ಕೆಲಸವನ್ನು ಅರ್ಥ ಮಾಡಿಕೊಳ್ಳುವಾಗಲೇ, ಅಂದರೆ ಯೋಜನೆಯಲ್ಲೇ, ಏನೋ ಬಿಟ್ಟುಹೋಗಿದೆ. ಬಾಲಗಳು ಚದುರಿದ್ದು ತಲೆಗಳು ಮಾತ್ರ 8, 9ನೆಯ ಸಾಲಿನಲ್ಲಿ ಗುಂಪಾಗಿದ್ದರೆ ಪರೀಕ್ಷೆ ತಡವಾಗಿ ನಡೆಯುತ್ತಿದೆ ಎಂದು ಅನುಮಾನಿಸಬೇಕು. ಅಂಥ ತಂಡದಲ್ಲಿ ತಪ್ಪುಗಳು ದಿನವೂ ಆಗುತ್ತಿವೆ, ಆದರೆ ಕೊನೆಗೆ ಮಾತ್ರ ಕಾಣುತ್ತಿವೆ. ಬಾಲಗಳು ಪಟದ ಕೆಳಗಿನ ಖಾಲಿ ಜಾಗಕ್ಕೆ ಇಳಿದಿದ್ದರೆ, ಈ ತಂಡವೊಂದೇ ಕುಳಿತು ಬಗೆಹರಿಸಲಾಗದ ವಿಷಯ ಅದಾಗಿರಬಹುದು.

ಹಾವಿನ ಉದ್ದವು ಕೆಲಸ ಎಷ್ಟು ಹಿಂದಕ್ಕೆ ಹೋಯಿತೆಂಬುದನ್ನು ತೋರಿಸುತ್ತದೆಯೇ ಹೊರತು ಎಷ್ಟು ಗಂಟೆ ನಷ್ಟವಾಯಿತೆಂಬುದನ್ನಲ್ಲ. ಉದ್ದಗಳನ್ನೆಲ್ಲ ಕೂಡಿಸಿ ‘ಈ ಸ್ಪ್ರಿಂಟ್‌ನಲ್ಲಿ ಇಷ್ಟು ದಿನ ವ್ಯರ್ಥ’ ಎಂದು ವರದಿಗೆ ಹಾಕುವ ಉತ್ಸಾಹಿಗಳು ಎಲ್ಲ ಕಡೆಯೂ ಇರುತ್ತಾರೆ. ಅವರನ್ನು ತಡೆಯಿರಿ.

ಹಂತ 6: ಎರಡು ಹಾವುಗಳನ್ನು ಆರಿಸಿ (5 ನಿಮಿಷ)

ಪ್ರತಿಯೊಬ್ಬರಿಗೂ ಮೂರು ಚುಕ್ಕೆ. ತಾವು ಮುಖ್ಯವೆಂದುಕೊಂಡ ಹಾವಿನ ತಲೆಯ ಬಳಿ ಇಡಬೇಕು, ಮೂರನ್ನೂ ಒಂದಕ್ಕೇ ಇಟ್ಟರೂ ಸರಿ. ಮ್ಯಾನೇಜರ್ ಮತ್ತು ಹಿರಿಯರು ಕೊನೆಗೆ ಇಡಲಿ. ಹೆಚ್ಚು ಚುಕ್ಕೆ ಪಡೆದ ಎರಡನ್ನು ಮಾತ್ರ ಮುಂದಿನ ಹಂತಕ್ಕೆ ಒಯ್ಯಿರಿ.

ಹಂತ 7: ಬಾಲ ಹುಡುಕುವುದು (20 ನಿಮಿಷ)

ಇಡೀ ಆಟ ನಿಂತಿರುವುದು ಈ ಹಂತದ ಮೇಲೆ. ‘ಯಾಕೆ ಹೀಗಾಯಿತು’ ಎಂದು ಕೇಳಬೇಡಿ. ‘ಯಾಕೆ’ ಎಂದ ಕೂಡಲೇ ಜನ ಸಮರ್ಥನೆಗೆ ಇಳಿಯುತ್ತಾರೆ. ‘ಇದು ಸರಿಯಾಗಿ ಆಗಬೇಕಿದ್ದರೆ ಯಾವ ದಿನ, ಏನು ಬೇರೆಯಾಗಬೇಕಿತ್ತು’ ಎಂದು ಕೇಳಿ. ಉತ್ತರ ಬಂದ ದಿನಕ್ಕೆ ಬಾಲವನ್ನು ಸರಿಸಿ, ಹಂತ 1ರ ದಾಖಲೆಯೊಂದಿಗೆ ತಾಳೆ ನೋಡಿ, ಮತ್ತೆ ಅದೇ ಪ್ರಶ್ನೆ ಕೇಳಿ. ಇನ್ನು ಕೆಳಕ್ಕೆ ಹೋಗದು ಎನ್ನುವವರೆಗೆ ಹೀಗೆಯೇ ಮುಂದುವರಿಯಬೇಕು.

ಒಂದು ಕಲ್ಪಿತ ಉದಾಹರಣೆಯನ್ನು ಬಿಡಿಸಿ ನೋಡೋಣ. ಆನ್‌ಲೈನ್ ಮಾರಾಟದ ಆ್ಯಪ್ ಒಂದರಲ್ಲಿ, ಗ್ರಾಹಕರಿಗೆ ಹಣ ಮರುಪಾವತಿಸುವಾಗ ಪೈಸೆಯ ಲೆಕ್ಕ ತಪ್ಪುತ್ತಿದೆ ಎಂದು 8ನೆಯ ದಿನ ಪರೀಕ್ಷಕರು ಕಂಡುಹಿಡಿಯುತ್ತಾರೆ. ಚೀಟಿ ಬರೆದವರು ತಲೆಯನ್ನು 8ರಲ್ಲೂ, ಕೋಡ್ ಬರೆದದ್ದು 6ನೆಯ ದಿನವಾದ್ದರಿಂದ ಬಾಲವನ್ನು 6ರಲ್ಲೂ ಇಡುತ್ತಾರೆ. ಇಲ್ಲಿಗೇ ನಿಂತರೆ ತೀರ್ಮಾನ ‘ಕೋಡ್ ಬರೆಯುವಾಗ ಇನ್ನಷ್ಟು ಎಚ್ಚರಿಕೆ ವಹಿಸಬೇಕು’ ಎಂದಾಗುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಟಿಕೆಟ್ ತೆರೆದು ನೋಡಿದರೆ, ಡೆವಲಪರ್ 3ನೆಯ ದಿನವೇ ‘ಪೈಸೆಯನ್ನು ಹತ್ತಿರದ ರೂಪಾಯಿಗೆ ಹೊಂದಿಸಬೇಕೇ, ಹಾಗೇ ಬಿಡಬೇಕೇ’ ಎಂದು ಕೇಳಿರುವುದು ಕಾಣುತ್ತದೆ. ಬಾಲ 3ಕ್ಕೆ ಇಳಿಯಿತು. 4 ಮತ್ತು 5ನೆಯ ದಿನ, ಏನು ಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ರಜೆಯಲ್ಲಿದ್ದರು, ಅವರ ಬದಲಿಗೆ ಉತ್ತರಿಸುವವರು ಯಾರೆಂದು ಗೊತ್ತಿರಲಿಲ್ಲ; 6ನೆಯ ದಿನ ಡೆವಲಪರ್ ತಮಗೆ ತೋಚಿದಂತೆ ಬರೆದು ಮುಗಿಸಿದರು. ಇನ್ನೊಮ್ಮೆ ಅದೇ ಪ್ರಶ್ನೆ ಕೇಳಿದರೆ ಬಾಲ 1ಕ್ಕೆ ಇಳಿಯುತ್ತದೆ: ಆ ರಜೆ ಯೋಜನಾ ಸಭೆಯ ದಿನವೇ ಎಲ್ಲರಿಗೂ ತಿಳಿದಿತ್ತು, ಬದಲಿ ವ್ಯಕ್ತಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಆರಂಭದಲ್ಲಿ ಒಬ್ಬ ಡೆವಲಪರ್‌ನ ತಪ್ಪಿನಂತೆ ಕಂಡದ್ದು ಈಗ ಯೋಜನಾ ಸಭೆಯಲ್ಲಿ ಕೇಳಬೇಕಿದ್ದ ಒಂದು ಪ್ರಶ್ನೆಯಾಗಿದೆ.

ಇಲ್ಲಿ ಗಮನಿಸಬೇಕಾದ ಅಪಾಯವೊಂದಿದೆ. ಬಾಲ ಕೆಳಕ್ಕೆ ಇಳಿದಷ್ಟೂ ಕಾರಣ ದೊಡ್ಡದಾಗಿ, ‘ಕಂಪನಿಯ ಸಂಸ್ಕೃತಿಯೇ ಹೀಗೆ’ ಎಂಬಲ್ಲಿಗೆ ತಲುಪಬಹುದು. ದಿನಾಂಕ ಹೇಳಲಾಗದ ಕಾರಣ ಬಂದ ಕೂಡಲೇ ನಿಲ್ಲಿಸಿ, ಒಂದು ಹೆಜ್ಜೆ ಮೇಲಿನ ಬಾಲವನ್ನೇ ಇಟ್ಟುಕೊಳ್ಳಿ.

ಹಂತ 8: ಹೊಸ ಏಣಿ ಇಡಿ (15 ನಿಮಿಷ)

ಆರಿಸಿದ ಪ್ರತಿ ಹಾವಿನ ಬಾಲದ ಬಳಿ, ಮುಂದಿನ ಸ್ಪ್ರಿಂಟ್‌ನಲ್ಲಿ ಇಡಬೇಕಾದ ಒಂದು ಏಣಿಯನ್ನು ಬರೆಯಿರಿ. ಎರಡಕ್ಕಿಂತ ಹೆಚ್ಚು ಏಣಿ ಬೇಡ. ಅದರಲ್ಲಿ ಏನು ಮಾಡಬೇಕು, ಯಾರು ಮಾಡಬೇಕು, ಯಾವ ದಿನದೊಳಗೆ, ಆಯಿತೆಂದು ತಿಳಿಯುವುದು ಹೇಗೆ ಎಂಬ ನಾಲ್ಕೂ ಇರಬೇಕು. ‘ಸಂವಹನ ಉತ್ತಮಪಡಿಸುವುದು’ ಎಂಬುದು ಏಣಿಯಲ್ಲ. ‘ಯೋಜನಾ ಸಭೆಯ ಕೊನೆಗೆ ಸ್ಕ್ರಮ್ ಮಾಸ್ಟರ್ ಎಲ್ಲರ ರಜೆ ಕೇಳಿ, ರಜೆ ಹಾಕಿದವರ ಬದಲಿ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು, ಟಿಕೆಟ್‌ನಲ್ಲಿ ಕೇಳಿದ ಪ್ರಶ್ನೆಗೆ ಮರುದಿನ ಮಧ್ಯಾಹ್ನದೊಳಗೆ ಉತ್ತರ ಬರದಿದ್ದರೆ ಅದನ್ನು ಮುಂದಿನ ಸ್ಟ್ಯಾಂಡಪ್‌ನಲ್ಲಿ ಎತ್ತುವುದು’ ಎಂಬುದು ಏಣಿ (ಸ್ಕ್ರಮ್ ಮಾಸ್ಟರ್ ಎಂದರೆ ತಂಡ ಸ್ಕ್ರಮ್ ವಿಧಾನದಂತೆ ನಡೆಯಲು ನೆರವಾಗುವವರು, ಸ್ಟ್ಯಾಂಡಪ್ ಎಂದರೆ ತಂಡದ ದಿನನಿತ್ಯದ ಕಿರು ಸಭೆ). ಜವಾಬ್ದಾರಿಗೆ ‘ತಂಡ’ ಎಂದು ಬರೆದರೆ ಅದನ್ನು ಯಾರೂ ಮಾಡುವುದಿಲ್ಲ. ಒಬ್ಬರ ಹೆಸರು ಬೇಕು, ಅದೂ ಕೋಣೆಯಲ್ಲಿ ಕುಳಿತಿರುವವರದೇ ಆಗಿರಬೇಕು.

ಸಭೆ ಮುಗಿಯುವ ಮೊದಲೇ ಈ ಏಣಿಯನ್ನು ಟಿಕೆಟ್ ಮಾಡಿ. ಸ್ಕ್ರಮ್ ಗೈಡ್‌ನ 2017ರ ಆವೃತ್ತಿಯ ಪ್ರಕಾರ, ಹಿಂದಿನ ರೆಟ್ರೊದಲ್ಲಿ ಗುರುತಿಸಿದ ಒಂದಾದರೂ ಮುಖ್ಯ ಸುಧಾರಣೆ ಸ್ಪ್ರಿಂಟ್ ಬ್ಯಾಕ್‌ಲಾಗ್‌ನಲ್ಲಿ, ಅಂದರೆ ಆ ಸ್ಪ್ರಿಂಟ್‌ನ ಕೆಲಸಗಳ ಪಟ್ಟಿಯಲ್ಲಿ, ಇರಬೇಕಿತ್ತು; 2020ರ ಆವೃತ್ತಿ ಅದನ್ನು ‘ಸೇರಿಸಬಹುದು’ ಎಂದು ಸಡಿಲಿಸಿದೆ. ಈ ಒಂದು ವಿಷಯದಲ್ಲಿ ಹಳೆಯ ನಿಯಮವೇ ಮೇಲೆಂದು ನನ್ನ ಅಭಿಪ್ರಾಯ. ಬ್ಯಾಕ್‌ಲಾಗ್‌ನಲ್ಲಿ ಇಲ್ಲದ ಸುಧಾರಣೆಗೆ ಮುಂದಿನ ಎರಡು ವಾರ ಯಾರ ಬಳಿಯೂ ಸಮಯವಿರುವುದಿಲ್ಲ.

ಹಂತ 9: ಮುಕ್ತಾಯ (5 ನಿಮಿಷ)

ಏಣಿಗಳನ್ನು ಗಟ್ಟಿಯಾಗಿ ಓದಿ, ಹೊಣೆ ಹೊತ್ತವರಿಂದ ಒಪ್ಪಿಗೆ ಪಡೆಯಿರಿ. ಆಟ ಉಪಯೋಗವಾಯಿತೇ ಎಂದು ಬೆರಳೆತ್ತಿಸಿ ಕೇಳಿ. ಪಟದ ಫೋಟೊವನ್ನು ತಂಡದೊಳಗೆ ಮಾತ್ರ ಇಟ್ಟುಕೊಳ್ಳಿ, ಹೊರಗೆ ಹೋಗಬೇಕಾದದ್ದು ಏಣಿಗಳು ಮಾತ್ರ.

ಅರ್ಧ ತಂಡ ಮನೆಯಲ್ಲಿ, ಅರ್ಧ ತಂಡ ಕಚೇರಿಯಲ್ಲಿದ್ದರೆ

ಕಚೇರಿಯ ಗೋಡೆಯತ್ತ ಕ್ಯಾಮೆರಾ ತಿರುಗಿಸಿದರೆ ಮನೆಯಲ್ಲಿರುವವರು ಬರಿಯ ಪ್ರೇಕ್ಷಕರಾಗುತ್ತಾರೆ. ಒಬ್ಬರು ದೂರದಲ್ಲಿದ್ದರೂ ಎಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪ್‌ನಿಂದಲೇ ಆಡಬೇಕು. ಮಿರೊದಂಥ ಆನ್‌ಲೈನ್ ಬೋರ್ಡ್‌ನಲ್ಲಿ 10 ಸಾಲಿನ ಪಟ ಬರೆದು, ಎಳೆದು ಸರಿಸಬಹುದಾದ ಗೆರೆಗಳನ್ನು ಹಾವುಗಳಾಗಿ ಬಳಸಿ. ಮತದಾನ ಮತ್ತು ಟೈಮರ್ ಅಲ್ಲೇ ಸಿಗುತ್ತವೆ. ಅಮೆರಿಕದ ಸಹೋದ್ಯೋಗಿಗಳಿದ್ದರೆ ಅವರಿಗೆ ಈ ಆಟ ‘ಚೂಟ್ಸ್ ಆ್ಯಂಡ್ ಲ್ಯಾಡರ್ಸ್’ ಎಂಬ ಹೆಸರಿನಲ್ಲಿ, ಹಾವಿನ ಬದಲು ಜಾರುಬಂಡಿಯೊಂದಿಗೆ ಪರಿಚಿತ. ಒಂದು ವಾಕ್ಯದಲ್ಲಿ ಹೇಳಿದರೆ ಸಾಕು. ದಿನಗಳ ಗಡಿ ಅವರಿಗೆ ಬೇರೆಯಾಗಿರುವುದರಿಂದ ಪಟದ ದಿನಾಂಕಗಳು ಯಾವ ಊರಿನ ಸಮಯಕ್ಕೆ ಎಂಬುದನ್ನು ಅಂಚಿನಲ್ಲಿ ಬರೆಯಿರಿ, ಇಲ್ಲದಿದ್ದರೆ ಬಾಲ ಒಂದು ದಿನ ಆಚೀಚೆಯಾಗಿ ಅನಗತ್ಯ ವಾದ ಹುಟ್ಟುತ್ತದೆ.

ಕೆಡುತ್ತಿದೆ ಎನ್ನುವುದಕ್ಕೆ ಲಕ್ಷಣಗಳು

ಎಲ್ಲ ಹಾವುಗಳ ಬಾಲವೂ ಬೇರೆ ತಂಡದವರ ಕಡೆಗೇ ಹೋಗುತ್ತಿದ್ದರೆ, ಕೋಣೆಯಲ್ಲಿರುವವರು ತಮ್ಮ ಪಾಲನ್ನು ಹೇಳಲು ಹಿಂಜರಿಯುತ್ತಿದ್ದಾರೆ. ಪಟದಲ್ಲಿ ಏಣಿಗಳೇ ತುಂಬಿ ಹಾವುಗಳು ಒಂದೆರಡಿದ್ದರೆ ಸಂತೋಷಪಡಬೇಡಿ, ಹಂತ 3ರ ಅಂಕಿಗಳನ್ನು ಮತ್ತೊಮ್ಮೆ ನೋಡಿ. ನಗು ಒಬ್ಬರ ಕಡೆಗೇ ತಿರುಗುತ್ತಿದೆ ಎನಿಸಿದರೆ ದಾಳವನ್ನು ಪಕ್ಕಕ್ಕಿಟ್ಟು ಐದು ನಿಮಿಷ ಚಹಾಕ್ಕೆ ಬಿಡಿ. ಮರಳಿದ ಮೇಲೆ ಆಟವಿಲ್ಲದೆ, ಪಟವನ್ನು ಮಾತ್ರ ಇಟ್ಟುಕೊಂಡು ಮುಂದುವರಿಯಿರಿ. ಸತತ ಮೂರು ರೆಟ್ರೊಗಳಲ್ಲಿ ಒಂದೇ ಹಾವು ಅದೇ ಸಾಲಿನಲ್ಲಿ ಕಾಣಿಸಿಕೊಂಡರೆ ಅದನ್ನು ಮತಕ್ಕೆ ಹಾಕುವ ಅಗತ್ಯವೇ ಇಲ್ಲ. ಆ ಹಾವಿಗೆ ಹಿಂದೆ ಇಟ್ಟ ಏಣಿಯ ಟಿಕೆಟ್ ತೆರೆದು, ಅದು ಯಾವ ದಿನ, ಯಾವ ಕಾರಣಕ್ಕೆ ನಿಂತುಹೋಯಿತೆಂದು ನೋಡುವುದರಿಂದಲೇ ಆ ದಿನದ ರೆಟ್ರೊ ಆರಂಭಿಸಿ.